ಹುಟ್ಟಿದ್ದೆಲ್ಲಿ, ಇರೋದೆಲ್ಲಿ, ಡೊಮಿಸೈಲ್ ಎಲ್ಲಿ?

ಈ ಸಲದ ಮಾತು ಒಂದು ಫಾರ್ಮಿನಿಂದ ಶುರುವಾಗ್ತದೆ. ವಿಡಿಯೊದಲ್ಲಿ ಅದನ್ನ ಕೈಯಲ್ಲಿ ಹಿಡಿದು ತೋರಿಸಿದ್ದೆ. ಇಲ್ಲಿ ಓದುವವರಿಗೆ ಬಾಯಲ್ಲೇ ಹೇಳ್ತೀನಿ.

ಮಗಳ ಹನ್ನೆರಡನೇ ಕ್ಲಾಸು ಮುಗಿದಿತ್ತು. ವರ್ತಕ ನಗರದ ನಮ್ಮ ಮನೆಯ ಊಟದ ಟೇಬಲ್ ತುಂಬ ಕಾಗದ ಹರಡಿಕೊಂಡು ಕೂತಿದ್ದೆ. ಫಾರ್ಮಿನಲ್ಲಿ ಒಂದು ಕಡೆ ಪ್ಲೇಸ್ ಆಫ್ ಬರ್ತ್, ಇನ್ನೊಂದು ಕಡೆ ಪ್ರೆಸೆಂಟ್ ರೆಸಿಡೆನ್ಸ್, ಅದರ ಕೆಳಗೆ ಪರ್ಮನೆಂಟ್ ಅಡ್ರೆಸ್. ಇಷ್ಟೆಲ್ಲ ತುಂಬಿದ ಮೇಲೆ ಸಿಗೋದು ಡೊಮಿಸೈಲ್ ಸರ್ಟಿಫಿಕೇಟು. ನಾನು ಇಪ್ಪತ್ತು ವರ್ಷದಿಂದ ಡೇಟಾಬೇಸ್ ಕೆಲಸ ಮಾಡೋನು. ಒಂದೇ ಟೇಬಲ್ಲಿನಲ್ಲಿ ಒಂದೇ ಅರ್ಥದ ನಾಲ್ಕು ಕಾಲಂ ಕಂಡರೆ ಅದನ್ನ ಡಿಸೈನ್ ಮಾಡಿದವರಿಗೆ ಬೈಯೋದು ನನ್ನ ಅಭ್ಯಾಸ. ಅವತ್ತೂ ಬೈದೆ. ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ತಪ್ಪು ನನ್ನದೇ. ಅವು ನಾಲ್ಕೂ ಬೇರೆ ಬೇರೆ ಪ್ರಶ್ನೆಗಳು.

ಮೊದಲು ಪೇಚಾಟ ಏನು ಅಂತ ಹೇಳ್ತೀನಿ. ಎಂಜಿನಿಯರಿಂಗಿಗೆ ಮಹಾರಾಷ್ಟ್ರದ ಸೀಟಿನಲ್ಲಿ ಅರ್ಜಿ ಹಾಕೋ ಸಾಮಾನ್ಯ ಮಕ್ಕಳಿಗೆ ನಿಯಮ ಹೀಗಿದೆ: ಹತ್ತನೆಯದು, ಹನ್ನೆರಡನೆಯದು ಎರಡೂ ಇಲ್ಲೇ ಪಾಸಾಗಿರಬೇಕು, ಜೊತೆಗೆ ಇಲ್ಲಿ ಹುಟ್ಟಿರಬೇಕು ಇಲ್ಲವೇ ಇಲ್ಲಿಯ ಡೊಮಿಸೈಲ್ ಇರಬೇಕು. ನಮ್ಮ ಮಗಳು ಓದಿದ್ದೆಲ್ಲ ಠಾಣೆಯಲ್ಲಿ. ಆದರೆ ಹುಟ್ಟಿದ್ದು ಕಲಬುರಗಿಯಲ್ಲಿ. ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹೆಂಡತಿ ಕಲಬುರಗಿಗೆ ಹೋದಳು, ಬಾಣಂತನ ಮುಗಿಸಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕೂಸಿನ ಜೊತೆ ವಾಪಸ್ ಬಂದಳು. ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡದ ಮನೆಗಳಲ್ಲಿ ಜನ್ಮಪತ್ರ ತೆಗೆದು ನೋಡ್ರಿ, ಅರ್ಧಕ್ಕರ್ಧ ಮಕ್ಕಳು ಅಜ್ಜಿಯ ಊರಲ್ಲಿ ಹುಟ್ಟಿರ್ತಾವೆ.

ಕೌಂಟರಿನಲ್ಲಿದ್ದ ಹೆಣ್ಣುಮಗಳು ಒಳ್ಳೆಯವಳು, ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದಳು. ಹುಟ್ಟು ಕರ್ನಾಟಕದ್ದು, ಹಾಗಾಗಿ 15 ವರ್ಷ ಸತತವಾಗಿ ಇಲ್ಲಿ ವಾಸ ಇದ್ದದ್ದಕ್ಕೆ ಪುರಾವೆ ಬೇಕು. ಬಾಡಿಗೆ ಮನೆಯವರ ಗತಿ ನಿಮಗೆ ಗೊತ್ತು. ಹನ್ನೊಂದು ತಿಂಗಳ ಕರಾರು, ಮುಗಿದ ಕೂಡಲೇ ಇನ್ನೊಂದು ಮನೆ. ಎರಡು ಸಲ ಮನೆ ಬದಲಿಸುವಾಗ ಹಳೇ ಕರಾರುಗಳು ರದ್ದಿಗೆ ಹೋಗಿದ್ದವು. ಮಗಳು ಪಕ್ಕದಲ್ಲಿ ನಿಂತು ಹೇಳಿದಳು: "ಅಪ್ಪಾ, ನಾ ಹುಟ್ಟಿದ ಊರಾಗ ಒಂದ್ ದಿನಾನೂ ಸಾಲಿಗೆ ಹೋಗಿಲ್ಲ. ಸಾಲಿಗೆ ಹೋದ ಊರಾಗ ಹುಟ್ಟಿಲ್ಲ. ಹಂಗಾದ್ರ ನಾ ಎಲ್ಲಿಯಾಕಿ?"

ಆ ಪ್ರಶ್ನೆ ಹಿಡಕೊಂಡೇ ನಾನು ಓದೋಕೆ ಕೂತದ್ದು.

ಕನ್ನಡದಲ್ಲಿ ನಮಗೆ ಹುಟ್ಟೂರು ಅನ್ನೋ ಮಾತಿದೆ, ಬಿಡಾರ ಅನ್ನೋದಿದೆ, ನೆಲೆ ಅನ್ನೋದಿದೆ. ಬಿಡಾರ ಹೂಡಿದೋನು ನಾಳೆ ಗಂಟು ಕಟ್ಟಬಹುದು, ನೆಲೆ ನಿಂತೋನು ಕಟ್ಟೋದಿಲ್ಲ. ಈ ಭೇದ ಇಟ್ಟುಕೊಂಡರೆ ಇಂಗ್ಲಿಷ್ ಪದಗಳೂ ಬಿಡಿಸಿಕೊಳ್ತಾವೆ. ಪ್ಲೇಸ್ ಆಫ್ ಬರ್ತ್ ಅನ್ನೋದು ಒಂದು ಘಟನೆ, ಒಮ್ಮೆ ಆಯ್ತು, ಬದಲಾಗೋದಿಲ್ಲ. ರೆಸಿಡೆನ್ಸ್ ಅನ್ನೋದು ಮೈಯ ಲೆಕ್ಕ, ರಾತ್ರಿ ಎಲ್ಲಿ ಮಲಗ್ತೀರಿ ಅನ್ನೋದು. ಡೊಮಿಸೈಲ್ ಮಾತ್ರ ಮೈಯ ಜೊತೆಗೆ ಮನಸ್ಸಿನ ಲೆಕ್ಕವನ್ನೂ ಕೇಳ್ತದೆ: ಇಲ್ಲೇ ಕೊನೆತನಕ ಇರ್ತೀನಿ ಅನ್ನೋ ಇರಾದೆ ಇದೆಯಾ? ಇನ್ನು ನೇಟಿವ್ ಪ್ಲೇಸ್. ಅದು ನಮ್ಮ ದೇಶದ ಇಂಗ್ಲಿಷು. "ನಿಮ್ದು ಯಾವೂರ್ರೀ" ಅನ್ನೋದಕ್ಕೆ ಕೋಟು ಹಾಕಿಸಿದ ಮಾತು.

ಡೊಮಿಸೈಲ್ ಎಷ್ಟು ಹಟಮಾರಿ ಪದ ಅನ್ನೋದಕ್ಕೆ ಇಂಗ್ಲೆಂಡಿನ ಒಂದು ಮೊಕದ್ದಮೆ ಇದೆ. ಕಾನೂನು ಓದೋ ಹುಡುಗರು ಇದನ್ನ ನಕ್ಕೊಂಡು ಓದ್ತಾರೆ, ನನಗೆ ನಗು ಬರಲಿಲ್ಲ. ಜಾರ್ಜ್ ಬೋವಿ ಅಂತ ಒಬ್ಬ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1845ರಲ್ಲಿ ಹುಟ್ಟಿದವನು. 1892ರಲ್ಲಿ ಲಿವರ್‌ಪೂಲ್‌ಗೆ ಒಡಹುಟ್ಟಿದವರ ಆಸರೆಗೆ ಬಂದ, 1927ರಲ್ಲಿ ಅಲ್ಲೇ ಸತ್ತ. ನಡುವೆ ತಾಯಿಯ ಅಂತ್ಯಕ್ರಿಯೆಗೂ ಗ್ಲಾಸ್ಗೋಗೆ ಹೋಗಲಿಲ್ಲ. ಆದರೆ ತಾನು ಗ್ಲಾಸ್ಗೋದವನು ಅಂತ ಹೇಳಿಕೊಳ್ತಿದ್ದ, ಅಲ್ಲಿಯ ವಾರಪತ್ರಿಕೆ ತರಿಸಿ ಓದ್ತಿದ್ದ. ಸಾಯುವ ಮುಂಚೆ ಸ್ವಂತ ಕೈಯಲ್ಲಿ ಒಂದು ಮೃತ್ಯುಪತ್ರ ಬರೆದಿಟ್ಟ, ಸಾಕ್ಷಿಗಳ ಸಹಿ ಇಲ್ಲದೆ. ಸ್ಕಾಟ್ ಕಾನೂನಿನಲ್ಲಿ ಅದು ನಡೀತದೆ, ಇಂಗ್ಲಿಷ್ ಕಾನೂನಿನಲ್ಲಿ ನಡೆಯೋದಿಲ್ಲ. ಹಾಗಾಗಿ ಆಸ್ತಿ ಯಾರಿಗೆ ಅನ್ನೋದು ಸತ್ತವನ ಡೊಮಿಸೈಲ್ ಯಾವುದು ಅನ್ನೋದರ ಮೇಲೆ ನಿಂತಿತು. 1930ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು: ಮೂವತ್ತೈದು ವರ್ಷ ಲಿವರ್‌ಪೂಲಿನಲ್ಲಿ ಇದ್ದರೂ ಅಲ್ಲಿ ನೆಲೆ ನಿಲ್ಲೋ ಇರಾದೆ ಸಾಬೀತಾಗಿಲ್ಲ, ಅವನು ಸ್ಕಾಟ್ಲೆಂಡಿನವನೇ.

ನಮ್ಮ ಡೊಂಬಿವಲಿಯಲ್ಲೂ ಇಂಥ ಬೋವಿಗಳಿದ್ದಾರೆ. ನಲವತ್ತು ವರ್ಷದಿಂದ ಇಲ್ಲೇ ಇದ್ದಾರೆ, ಬೆಳಿಗ್ಗೆ 'ಕರ್ನಾಟಕ ಮಲ್ಲ' ಬರದಿದ್ದರೆ ಚಹಾ ಇಳಿಯೋದಿಲ್ಲ, ಊರಿಗೆ ಹೋಗಿ ಹತ್ತು ವರ್ಷ ಆಗಿರ್ತದೆ. ಎಲ್ಲಿಯವರು ಅಂದರೆ ವಿಜಯಪುರ ಅಂತಾರೆ.

ನಮ್ಮ ದೇಶದಲ್ಲೂ ಈ ಕಾನೂನು ಬರಹದಲ್ಲಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗುವಿನ ಮೂಲ ಡೊಮಿಸೈಲ್ ಅದು ಹುಟ್ಟಿದ ಆಸ್ಪತ್ರೆಯನ್ನ ಅವಲಂಬಿಸೋದಿಲ್ಲ, ಹುಟ್ಟಿದಾಗ ತಂದೆಯ ಡೊಮಿಸೈಲ್ ಎಲ್ಲಿತ್ತೋ ಅದು. ಹೊಸ ದೇಶದಲ್ಲಿ ಡೊಮಿಸೈಲ್ ಪಡೆಯಬೇಕಾದರೆ ಅಲ್ಲಿ ನೆಲೆ ಊರಬೇಕು. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ಐಟಿಯವರು ಕಿವಿಗೊಟ್ಟು ಕೇಳ್ರಿ: ಸರ್ಕಾರಿ ನೌಕರಿಗೋ, ಯಾವುದಾದರೂ ವೃತ್ತಿಗೋ ಅಂತ ಇಲ್ಲಿ ಬಂದು ಇದ್ದಮಾತ್ರಕ್ಕೆ ಒಬ್ಬನು ಇಲ್ಲಿ ನೆಲೆಯೂರಿದ ಅಂತ ತಿಳಿಯಬಾರದು. ಅದು ಹೊರಗಿಂದ ಭಾರತಕ್ಕೆ ಬಂದು ದುಡಿಯೋರ ಬಗ್ಗೆ ಬರೆದದ್ದು, ನಿಜ. ಆದರೂ ಐರೋಲಿಯ ಆಫೀಸಿನಲ್ಲಿ ಕೂತು ಅದನ್ನ ಓದಿದಾಗ ಯಾರೋ ನನ್ನನ್ನೇ ನೋಡಿ ಬರೆದ ಹಾಗಿತ್ತು.

ಇಲ್ಲಿಂದ ಸಂವಿಧಾನಕ್ಕೆ ಬರೋಣ. ಈ ಪದಗಳ ತೂಕ ಅದನ್ನ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಪೌರತ್ವದ 5ನೇ ವಿಧಿ ನೋಡ್ರಿ, ಒಂದೇ ವಾಕ್ಯದಲ್ಲಿ ಮೂರನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಭಾರತದಲ್ಲಿ ಡೊಮಿಸೈಲ್ ಇರಬೇಕು; ಅದರ ಮೇಲೆ, ಇಲ್ಲಿ ಹುಟ್ಟಿರಬೇಕು, ಇಲ್ಲವೇ ತಂದೆತಾಯಿಯಲ್ಲಿ ಒಬ್ಬರು ಹುಟ್ಟಿರಬೇಕು, ಇಲ್ಲವೇ ಐದು ವರ್ಷ ಆರ್ಡಿನರಿಲಿ ರೆಸಿಡೆಂಟ್ ಆಗಿರಬೇಕು. ಒಂದು ಕಡ್ಡಾಯ, ಮೂರು ಆಯ್ಕೆ. ದೇಶ ಒಡೆದು ಲಕ್ಷಾಂತರ ಜನ ಗಡಿ ದಾಟುತ್ತಿದ್ದ ಕಾಲ ಅದು. ಯಾವ ಪದ ಎಲ್ಲಿ ಕೂತುಕೊಳ್ತದೆ ಅನ್ನೋದರ ಮೇಲೆ ಒಬ್ಬ ಮನುಷ್ಯ ಯಾವ ದೇಶದವನು ಅನ್ನೋದು ತೀರ್ಮಾನ ಆಗ್ತಿತ್ತು.

ನನ್ನ ಮಗಳ ಹಣೆಬರಹ ಇರೋದು ಮಾತ್ರ 15 ಮತ್ತು 16ನೇ ವಿಧಿಗಳ ನಡುವಿನ ಒಂದು ವ್ಯತ್ಯಾಸದಲ್ಲಿ. 15ನೇ ವಿಧಿ ಹೇಳೋದು: ಸರ್ಕಾರ ಯಾವ ಪ್ರಜೆಗೂ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕಷ್ಟೇ ಭೇದ ಮಾಡಬಾರದು. 16ನೆಯದು ಸರ್ಕಾರಿ ನೌಕರಿಯದು. ಅದರಲ್ಲಿ ಈ ಪಟ್ಟಿಗೆ ವಂಶ ಮತ್ತು ವಾಸ, ಅಂದರೆ ರೆಸಿಡೆನ್ಸ್, ಎರಡೂ ಸೇರಿವೆ. 1948ರ ನವೆಂಬರ್ 30ರಂದು ಸಂವಿಧಾನ ಸಭೆಯಲ್ಲಿ ಈ ನೌಕರಿಯ ವಿಧಿಯ ಚರ್ಚೆ ಆಯ್ತು. ಅಂಬೇಡ್ಕರ್ ಅವರು ಎರಡೂ ಕಡೆ ನೋಡಿ ಮಾತಾಡಿದರು. ದೇಶಕ್ಕೆಲ್ಲ ಒಂದೇ ಪೌರತ್ವ ಇರುವಾಗ ವಾಸದ ಅಡ್ಡಗೋಡೆ ಸರಿಯಲ್ಲ, ಆದರೆ ಬೇರಿಲ್ಲದ ವಲಸೆ ಹಕ್ಕಿಗಳ ಹಾಗೆ ಬಂದು ಹಣ್ಣು ಕಿತ್ತುಕೊಂಡು ಹಾರಿಹೋಗೋರಿಗೂ ಬಿಟ್ಟುಕೊಡೋಕಾಗೋದಿಲ್ಲ ಅನ್ನೋದು ಅವರ ಮಾತಿನ ತಿರುಳು. ಹಾಗಾಗಿ ನೌಕರಿಗೆ ವಾಸದ ಷರತ್ತು ಹಾಕೋ ಅಧಿಕಾರ ಉಳಿಸಿದರು, ಆದರೆ ರಾಜ್ಯಗಳ ಕೈಗೆ ಕೊಡದೆ ಸಂಸತ್ತಿಗೆ ಕೊಟ್ಟರು. ವಲಸೆ ಹಕ್ಕಿ ಅನ್ನೋ ಮಾತು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅನ್ಯಾಯದ ಮಾತು ಅಂತ ನನಗೆ ಅನಿಸೋದಿಲ್ಲ. ಅಪ್ರೈಸಲ್ ಬಂದ ತಿಂಗಳೇ ಊರು ಬದಲಿಸೋ ನಮ್ಮಂಥವರ ಬಗ್ಗೆ ಸ್ಥಳೀಯರಿಗೆ ಇರೋ ಅನುಮಾನವೂ ಇದೇ ಅಲ್ವಾ?

15ರಲ್ಲಿ ರೆಸಿಡೆನ್ಸ್ ಇಲ್ಲ ಅನ್ನೋದರ ಪರಿಣಾಮ ಬೇಗನೇ ಕಂಡಿತು. ಇಂದೋರಿನ ಮಹಾತ್ಮಾ ಗಾಂಧಿ ಸ್ಮಾರಕ ಮೆಡಿಕಲ್ ಕಾಲೇಜಿನಲ್ಲಿ ಆಗಿನ ಮಧ್ಯಭಾರತ ರಾಜ್ಯದ ನಿವಾಸಿಗಳಿಗೆ ಕ್ಯಾಪಿಟೇಶನ್ ಶುಲ್ಕ ಇರಲಿಲ್ಲ, ಹೊರಗಿನವರಿಗೆ ಇತ್ತು. ದೆಹಲಿಯಿಂದ ಬಂದಿದ್ದ ಡಿ.ಪಿ. ಜೋಶಿ ಅನ್ನೋ ವಿದ್ಯಾರ್ಥಿ ಇದು ಹುಟ್ಟಿದ ಸ್ಥಳದ ಭೇದಭಾವವೇ ಅಂತ ಸುಪ್ರೀಂ ಕೋರ್ಟಿಗೆ ಹೋದ. 1955ರಲ್ಲಿ ಬಹುಮತದ ತೀರ್ಪು ಅವನಿಗೆ ವಿರುದ್ಧವಾಗಿ ಬಂತು. ವಾಸಸ್ಥಳ ಬೇರೆ, ಹುಟ್ಟಿದ ಸ್ಥಳ ಬೇರೆ. ಸಂವಿಧಾನ ನಿಷೇಧಿಸಿದ್ದು ಎರಡನೆಯದನ್ನ, ಮೊದಲನೆಯದನ್ನಲ್ಲ. ಬರೆದವರು ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್. ಐವರಲ್ಲಿ ನ್ಯಾಯಮೂರ್ತಿ ಜಗನ್ನಾಥದಾಸ್ ಒಬ್ಬರು ಒಪ್ಪಲಿಲ್ಲ. ಇವತ್ತು ಪ್ರತಿ ರಾಜ್ಯದ ಕಾಲೇಜಿನಲ್ಲಿ ನಮ್ಮ ರಾಜ್ಯದವರಿಗೆ ಇಷ್ಟು ಸೀಟು ಅಂತ ಇರೋದು ಈ ಪದಭೇದದ ಮೇಲೆ ಕಟ್ಟಿದ ಮನೆ.

ಇಷ್ಟೇ ಆಗಿದ್ದರೆ ಲೆಕ್ಕ ನೇರ ಇತ್ತು. ತೊಡಕು ಅಂದರೆ, ರಾಜ್ಯಗಳು ವಾಸ ಅನ್ನೋ ಅರ್ಥಕ್ಕೆ ರೆಸಿಡೆನ್ಸ್ ಅಂತ ಬರೆಯೋ ಬದಲು ಡೊಮಿಸೈಲ್ ಅಂತ ಬರೆಯೋದನ್ನ ರೂಢಿ ಮಾಡಿಕೊಂಡವು. ಕೇಳೋಕೆ ತೂಕದ ಪದ ಅಲ್ವಾ. ಮರಾಠಿಯಲ್ಲಿ ಅದು ಅಧಿವಾಸ ಆಯ್ತು. 1984ರ ಪ್ರದೀಪ್ ಜೈನ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಇದನ್ನ ಖಾರವಾಗಿಯೇ ಹೇಳಿದರು: ಭಾರತದ ಪ್ರಜೆಗೆ ಇರೋದು ಒಂದೇ ಡೊಮಿಸೈಲ್, ಅದು ಭಾರತದ್ದು, ರಾಜ್ಯದ ಡೊಮಿಸೈಲ್ ಅನ್ನೋ ಮಾತು ದೇಶದ ಒಗ್ಗಟ್ಟಿಗೆ ಕೆಟ್ಟದ್ದು, ಆ ಪದ ಬಳಸೋದನ್ನ ಬಿಡಿ. 2025ರ ಜನವರಿಯಲ್ಲಿ ಚಂಡೀಗಡದ ಸ್ನಾತಕೋತ್ತರ ವೈದ್ಯಕೀಯ ಸೀಟುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಮತ್ತೆ ಹೇಳಿತು. ನಲವತ್ತು ವರ್ಷ ಆಯ್ತು, ಫಾರ್ಮು ಬದಲಾಗಿಲ್ಲ.

ಫಾರ್ಮಿನ ಮಾತು ಬಿಡಿ, ಸಂವಿಧಾನದೊಳಗೇ ಆ ಪದ ಮತ್ತೆ ಬಂತು, ಅದೂ ನಮ್ಮ ಕಡೆಗಾಗಿಯೇ. 2012ರ 98ನೇ ತಿದ್ದುಪಡಿಯಿಂದ ಸೇರಿದ 371ಜೆ ವಿಧಿಯಲ್ಲಿ, ಹೈದರಾಬಾದ್ ಕರ್ನಾಟಕದ ಮೀಸಲು ಸೀಟು, ಮೀಸಲು ಹುದ್ದೆ ಯಾರಿಗೆ ಅಂದರೆ ಹುಟ್ಟಿನಿಂದ ಅಥವಾ ಡೊಮಿಸೈಲಿನಿಂದ ಆ ಭಾಗಕ್ಕೆ ಸೇರಿದವರಿಗೆ. 'ಅಥವಾ' ನೆನಪಿಟ್ಟುಕೊಳ್ಳಿ. ಆ ಮಾತನ್ನ ಹಾಗೆ ಹಾಗೇ ಓದಿದರೆ, ಕಲಬುರಗಿಯ ಆಸ್ಪತ್ರೆಯಲ್ಲಿ ಹುಟ್ಟಿ ಕೆಲವೇ ತಿಂಗಳಿಗೆ ರೈಲು ಹತ್ತಿದ ನನ್ನ ಮಗಳು ಆ ಭಾಗಕ್ಕೆ ಹುಟ್ಟಿನಿಂದ ಸೇರಿದವಳು. ಕಾಲು ಮೂಡಿದಾಗಿನಿಂದ ಉಪವನ ಕೆರೆಯ ಸುತ್ತ ಸೈಕಲ್ ಹೊಡೆದ ಠಾಣೆಯಲ್ಲಿ ಮಾತ್ರ ಪುರಾವೆ ತರಬೇಕು.

ನಮ್ಮ ಭಾಗಕ್ಕೆ ಈ ಪದಗಳ ಜಗಳ ಹೊಸದಲ್ಲ. ನಿಜಾಮರ ಹೈದರಾಬಾದಿನಲ್ಲಿ ಮುಲ್ಕಿ ನಿಯಮಗಳಿದ್ದವು. ಬೀದರ, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದವು. 1919ರ ಫರ್ಮಾನಿನಿಂದ ಸರ್ಕಾರಿ ನೌಕರಿ ಮುಲ್ಕಿಗಳಿಗೆ ಅಂತ ಆಯ್ತು. ಮುಲ್ಕಿ ಅಂದರೆ ಯಾರು? ಹುಟ್ಟಿನಿಂದ ಸಂಸ್ಥಾನದ ಪ್ರಜೆ ಆದವನು. ಇಲ್ಲವೇ 15 ವರ್ಷ ಅಲ್ಲಿ ಕಾಯಂ ಆಗಿ ವಾಸ ಮಾಡಿ, ಮೊದಲಿದ್ದ ಊರಿಗೆ ಮರಳೋ ಯೋಚನೆ ಬಿಟ್ಟಿದ್ದೇನೆ ಅಂತ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ ಬರೆದುಕೊಟ್ಟವನು. ಆ ನಿಯಮವನ್ನ ನಾನು ಎರಡು ಸಲ ಓದಿದೆ. ರೆಸಿಡೆನ್ಸ್ ಮತ್ತು ಡೊಮಿಸೈಲ್ ನಡುವಿನ ಭೇದವನ್ನ ಇಷ್ಟು ಬಿಚ್ಚಿ ಹೇಳಿದ ಕಾಗದ ನಾನು ಇನ್ನೊಂದು ಕಂಡಿಲ್ಲ. ಹದಿನೈದು ವರ್ಷ ಮೈಯ ಲೆಕ್ಕ, ಪ್ರಮಾಣಪತ್ರ ಮನಸ್ಸಿನ ಲೆಕ್ಕ.

ಒಂದು ತಮಾಷೆ ಹೇಳಿ ಮುಂದೆ ಹೋಗ್ತೀನಿ. ಮುಂಬಯಿಯಲ್ಲಿ ಮುಲುಕ್ ಅಂದರೆ ಬಿಟ್ಟು ಬಂದ ಊರು. "ಮುಲುಕಿಗೆ ಹೋಗ್ತೀರಾ" ಅಂತ ವಾಚ್‌ಮನ್ ಕೇಳ್ತಾನೆ. ಹೈದರಾಬಾದಿನಲ್ಲಿ ಮುಲ್ಕಿ ಅಂದರೆ ಇಲ್ಲಿಯೇ ಇರೋನು. ಒಂದೇ ಪದ, ಒಂದು ಕಡೆ ಬೆನ್ನು ಹಾಕ್ತದೆ, ಇನ್ನೊಂದು ಕಡೆ ಮುಖ.

ನಮ್ಮ ಅಜ್ಜ ಅಕ್ಕಲಕೋಟೆಯವರು. ಅದು ಮೊದಲು ಬೇರೆ ಸಂಸ್ಥಾನ, ಈಗ ಮಹಾರಾಷ್ಟ್ರ. ಏಳು ವರ್ಷದ ಹುಡುಗ ಇದ್ದಾಗ ಸೋದರಮಾವನ ಮನೆಗೆ ಅಂತ ಕಲ್ಯಾಣಿಗೆ ಬಂದರಂತೆ, ಗಾಡಿಯಲ್ಲಿ ಎರಡು ಮೂರು ದಿನದ ದಾರಿ. ಕಲ್ಯಾಣಿ ಅಂದರೆ ಇವತ್ತಿನ ಬಸವಕಲ್ಯಾಣ. (ನಾನು ಕಲ್ಯಾಣದಿಂದ ಹೊರಟು ಕಲ್ಯಾಣ್ ಸ್ಟೇಷನ್ನಿನಲ್ಲಿ ಇಳಿದವನು ಅಂತ ಆಫೀಸಿನಲ್ಲಿ ಇನ್ನೂ ಆಡಿಕೊಳ್ತಾರೆ.) ಮುಂದೆ ಸರ್ಕಾರಿ ಶಾಲೆಯ ಮಾಸ್ತರಿಕೆ ಸಿಗೋ ಹೊತ್ತಿಗೆ ಮುಲ್ಕಿ ಕಾಗದ ಬೇಕಾಯ್ತು. ಹುಟ್ಟು ಹೊರಗಿನದು. ಹಾಗಾಗಿ ಬರೆದುಕೊಟ್ಟರು, ಅಕ್ಕಲಕೋಟೆಗೆ ಮರಳಿ ಹೋಗೋ ಯೋಚನೆ ಬಿಟ್ಟಿದ್ದೇನೆ ಅಂತ. ಅವರ ತಾಯಿ ಆಗ ಅಕ್ಕಲಕೋಟೆಯಲ್ಲೇ ಇದ್ದರು. ಕಾಗದ ಉರ್ದುವಿನಲ್ಲಿದ್ದದ್ದರಿಂದ ಆ ತಾಯಿಗೆ ಯಾರೂ ಓದಿ ಹೇಳಲಿಲ್ಲ ಅಂತ ನಮ್ಮ ಮನೆಯಲ್ಲಿ ಒಂದು ಮಾತಿದೆ. ಅಜ್ಜ ಮಾತ್ರ ಪ್ರತಿ ವರ್ಷ ಹೋಗಿ ಬರ್ತಿದ್ದರು. ಹೋಗಿ ಬರೋದು ಬೇರೆ, ಮರಳಿ ಹೋಗೋದು ಬೇರೆ.

1952ರಲ್ಲಿ ಹೈದರಾಬಾದಿನಲ್ಲಿ ಮುಲ್ಕಿ ಚಳವಳಿ ನಡೆದಾಗ ಗೈರ್‌ಮುಲ್ಕಿಗಳಿಗೆ ಇಡ್ಲಿ ಸಾಂಬಾರ್ ಗೋ ಬ್ಯಾಕ್ ಅಂತ ಕೂಗಿದರು. 1956ರಲ್ಲಿ ಸಂಸ್ಥಾನ ಹಂಚಿಹೋಗಿ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ತೆಲಂಗಾಣದಲ್ಲಿ ಮುಲ್ಕಿ ನಿಯಮಗಳ ಕೋರ್ಟು ಕಟ್ಟೆ 1972ರ ತನಕ ನಡೀತು.

ಆ 15 ವರ್ಷ ಅನ್ನೋ ಅಂಕಿ ಮಾತ್ರ ನಮ್ಮ ಬೆನ್ನು ಬಿಡಲಿಲ್ಲ. ಮಹಾರಾಷ್ಟ್ರದ ಡೊಮಿಸೈಲಿಗೆ 15. 2024ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಅಂತ ತಂದ ಮಸೂದೆಯಲ್ಲೂ 15. ನಿಮಗೆಲ್ಲ ನೆನಪಿರಬಹುದು, ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70. ವಾಟ್ಸಾಪ್ ಗುಂಪುಗಳಲ್ಲಿ ನಾವೆಲ್ಲ ಶೇಕಡಾವಾರಿನ ಬಗ್ಗೆ ಜಗಳ ಆಡಿದೆವು, ವ್ಯಾಖ್ಯೆ ಯಾರೂ ಓದಲಿಲ್ಲ. ಸ್ಥಳೀಯ ಅಭ್ಯರ್ಥಿ ಅಂದರೆ ಕರ್ನಾಟಕದಲ್ಲಿ ಹುಟ್ಟಿ, ಮತ್ತು 15 ವರ್ಷ ರಾಜ್ಯದಲ್ಲಿ ಡೊಮಿಸೈಲ್ ಆಗಿದ್ದು, ಮತ್ತು ಕನ್ನಡ ಮಾತಾಡಿ ಓದಿ ಬರೆಯಬಲ್ಲವರು. 371ಜೆಯಲ್ಲಿ 'ಅಥವಾ', ಇಲ್ಲಿ 'ಮತ್ತು'. ಆರ್ ಕಂಡೀಶನ್ನಿಗೂ ಆಂಡ್ ಕಂಡೀಶನ್ನಿಗೂ ಎಷ್ಟು ಸಾಲು ಉದುರಿಹೋಗ್ತಾವೆ ಅನ್ನೋದು ನಿಮಗೆ ನಾನು ಹೇಳಬೇಕೇ? ಬೆಂಗಳೂರಿನಲ್ಲೇ ಬೆಳೆದ, ಆದರೆ ಅಜ್ಜಿಮನೆ ಸೊಲ್ಲಾಪುರ ಅಂತ ಅಲ್ಲಿ ಹುಟ್ಟಿದ ಅಚ್ಚ ಕನ್ನಡದ ಹುಡುಗಿ ಮೊದಲ ಷರತ್ತಿನಲ್ಲೇ ಹೊರಗೆ. ನನ್ನ ಮಗಳು ಎರಡನೆಯದರಲ್ಲಿ ಹೊರಗೆ. ಇನ್ನು ನಾನು: ಕರ್ನಾಟಕದಲ್ಲಿ ಹುಟ್ಟಿ ಇಪ್ಪತ್ತೆರಡು ವರ್ಷ ಅಲ್ಲೇ ಬೆಳೆದವನು. ಆ 15 ವರ್ಷ ಅಂದರೆ ಬದುಕಿನ ಯಾವುದಾದರೂ ಹದಿನೈದೋ, ಅರ್ಜಿಗೆ ಮುಂಚಿನ ಹದಿನೈದೋ? ವ್ಯಾಖ್ಯೆ ಎರಡೂ ಕಡೆ ಬಾಗಿಲು ತೆರೆದಿಟ್ಟಿತ್ತು. ಉದ್ಯಮಗಳವರ ಗದ್ದಲಕ್ಕೆ ಒಂದೆರಡು ದಿನದಲ್ಲೇ ಮಸೂದೆಯನ್ನ ತಡೆಹಿಡಿದರು. ಗದ್ದಲ ಆದದ್ದು ಮೀಸಲಾತಿಯ ಬಗ್ಗೆ. ಕನ್ನಡ ನಾಡಿನವರು ಯಾರು ಅನ್ನೋದನ್ನ ಹುಟ್ಟಿನಿಂದ ಹೇಳಬೇಕೋ, ವಾಸದಿಂದಲೋ, ಭಾಷೆಯಿಂದಲೋ ಅನ್ನೋ ಚರ್ಚೆ ಆಗಲೇ ಇಲ್ಲ. ನನ್ನನ್ನ ಕೇಳಿದರೆ ಆ ಮೂರರಲ್ಲಿ ಹುಟ್ಟು ಎಲ್ಲಕ್ಕಿಂತ ಬಡಕಲು ಆಧಾರ. ಅದು ನಮ್ಮ ಅತ್ತೆಯ ಮನೆ ಯಾವ ಊರಲ್ಲಿದೆ ಅನ್ನೋದನ್ನಷ್ಟೇ ಹೇಳ್ತದೆ.

ವೋಟಿನ ಕಾಯ್ದೆ ಈ ವಿಷಯದಲ್ಲಿ ಜಾಣತನ ತೋರಿಸಿದೆ. 1950ರ ಜನಪ್ರಾತಿನಿಧ್ಯ ಕಾಯ್ದೆ ಕೇಳೋದು ಆರ್ಡಿನರಿಲಿ ರೆಸಿಡೆಂಟ್ ಎಲ್ಲಿ ಅಂತಷ್ಟೇ. ಊರಲ್ಲಿ ಸ್ವಂತ ಮನೆ ಇದೆ ಅನ್ನೋ ಕಾರಣ ಒಂದೇ ಸಾಲದು, ನಾಲ್ಕು ದಿನ ಊರು ಬಿಟ್ಟು ಹೋದರೆ ಹಕ್ಕೂ ಹೋಗೋದಿಲ್ಲ. ಮನಸ್ಸಿನ ತಂಟೆಗೆ ಅದು ಬರೋದಿಲ್ಲ. ಬಸವಕಲ್ಯಾಣದ ಮನೆಯ ಬಾಗಿಲ ಮೇಲೆ ನನ್ನ ಹೆಸರಿದೆ, ವೋಟು ಠಾಣೆಯಲ್ಲಿದೆ.

ಸರ್ಟಿಫಿಕೇಟಿನ ಕಥೆ ಮುಗಿಸ್ತೀನಿ. ಶಾಲೆಯ ದಾಖಲೆ ನರ್ಸರಿಯಿಂದ ಇತ್ತು. ಅದಕ್ಕೆ ಮುಂಚಿನ ವರ್ಷಗಳಿಗೆ ಹಳೇ ಮನೆಯ ಮಾಲೀಕರನ್ನ ಹುಡುಕಿಕೊಂಡು ಡೊಂಬಿವಲಿಗೆ ಹೋದೆ. ಅವರ ಹತ್ತಿರ ಕರಾರಿನ ಪ್ರತಿ ಇತ್ತು, ಜೊತೆಗೆ ನಾನು ಆಗ ಮರೆತು ಬಂದಿದ್ದ ಒಂದು ಕುಕ್ಕರ್ ಮುಚ್ಚಳವೂ ಇತ್ತು. ಮೂರು ವಾರಕ್ಕೆ ಕಾಗದ ಕೈಗೆ ಬಂತು. ವಯಸ್ಸು, ರಾಷ್ಟ್ರೀಯತೆ, ಅಧಿವಾಸ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅವರಿಗೆ ಎಂಬತ್ತರ ಹತ್ತಿರ. ಎಲ್ಲಾ ಕೇಳಿಸಿಕೊಂಡು, "ಅದರಾಗ ಹೊಳ್ಳಿ ಬರಂಗಿಲ್ಲ ಅಂತ ಏನರ ಬರಕೊಟ್ಟಿ ಏನು, ನಿಮ್ಮಜ್ಜನಂಗ?" ಅಂದರು.

"ಇಲ್ಲಪ್ಪಾ, ಅದನ್ನ ಕೇಳೇ ಇಲ್ಲ" ಅಂದೆ.

"ಚೊಲೋ ಆತು. ದಸರಾಕ್ಕ ಟಿಕೆಟ್ ಮಾಡ್ಸಿದಿ ಇಲ್ಲೋ?"